ಡಬ್ಬಿ ತೂಕ ಕಳೆದು

ನಮ್ಮ ಮನೆಯವರು ತಕ್ಕಡಿ ರಿಪೇರಿ ಮಾಡುವವರು. ರಿಪೇರಿ ಅಂದರೆ ಅವರಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತೆ. ‘ತಪಾಸಣೆ ಅನ್ನೇ, ತಪಾಸಣೆ’ ಅಂತಾರೆ. ಅಂಗಡಿ, ಗೋದಾಮು, ಆಸ್ಪತ್ರೆ, ಹಾಲಿನ ಡೈರಿ, ಎಲ್ಲೆಲ್ಲಿ ತೂಕದ ಯಂತ್ರ ಇದೆಯೋ ಅಲ್ಲೆಲ್ಲ ವರ್ಷಕ್ಕೊಮ್ಮೆ ಹೋಗಿ, ಅದು ನಿಜ ಹೇಳ್ತಿದೆಯೋ ಸುಳ್ಳು ಹೇಳ್ತಿದೆಯೋ ನೋಡಿ, ಮೊಹರು ಹಾಕಿ ಬರೋದು ಇವರ ಕೆಲಸ. ವ್ಯಾನಿನ ಹಿಂಭಾಗದಲ್ಲಿ ಇಪ್ಪತ್ತು ಇಪ್ಪತ್ತು ಕಿಲೋದ ತೂಕದ ಕಲ್ಲುಗಳು ಸಾಲಾಗಿ ಕೂತಿರುತ್ತವೆ. ಕಲ್ಲು ಅನ್ನೋದು ಹೆಸರಿಗೆ ಮಾತ್ರ, ಎಲ್ಲಾ ಎರಕದ ಕಬ್ಬಿಣ. ಅವನ್ನ ಒಂದೊಂದಾಗಿ ಎತ್ತಿ ತಕ್ಕಡಿಯ ಮೇಲಿಟ್ಟು ಮುಳ್ಳು ನೋಡೋದು, ಮತ್ತೆ ಎತ್ತಿ ಇಳಿಸೋದು. ಮೂವತ್ತೊಂದು ವರ್ಷದಿಂದ ಇದೇ ಎತ್ತೋದು, ಇದೇ ಇಳಿಸೋದು.

ಇಂಥವರ ಜೊತೆ ಸಂಸಾರ ಮಾಡೋದು ಹೇಗಿರುತ್ತೆ ಅಂತ ಕೇಳಿ ನನ್ನ. ಅರ್ಧ ಕಿಲೋ ಸಕ್ಕರೆ ತಂದರೆ ಅದನ್ನ ಡಬ್ಬಿಗೆ ಸುರಿಯೋ ಮುಂಚೆ ಡಬ್ಬಿಯನ್ನ ತೂಗಬೇಕು. ‘ಡಬ್ಬಿ ತೂಕ ಕಳೆದ್ಯಾ?’ ಅನ್ನೋದು ಇವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತೆ. ಒಟ್ಟು ತೂಕ ಅನ್ನೋದು ತೂಕವೇ ಅಲ್ಲವಂತೆ. ಡಬ್ಬಿ ಕಳೆದು ಉಳಿದದ್ದೇ ನಿವ್ವಳ, ಅದೇ ನಿಜ. ನಾನು ಪರದೆ ಹೊಲಿಯೋಳು, ನನ್ನ ಕೊರಳಲ್ಲಿ ಯಾವಾಗಲೂ ಟೇಪು. ‘ನಿಮ್ಮದು ತೂಕ, ನಂದು ಅಳತೆ. ನನ್ನ ಅಡುಗೆಮನೆಯಲ್ಲಿ ಎರಡೂ ಬೇಡ, ಕೈ ಅಂದಾಜು ಸಾಕು’ ಅಂತ ಎಷ್ಟು ಸಲ ರೇಗಿದೀನೋ ಲೆಕ್ಕವಿಲ್ಲ. ಕೇಳೋರು ಯಾರು?

ಮನೆಯಲ್ಲಿ ಮೂರನೆಯವರು ಅತ್ತೆ. ಎರಡು ವರ್ಷದ ಹಿಂದೆ ಸೊಂಟದ ಎಲುಬು ಮುರಿದುಕೊಂಡಮೇಲೆ ಕಾಲು ನಿಲ್ಲಲ್ಲ. ಬಾಯಿ ಮಾತ್ರ ನಾಲ್ಕು ಜನದಷ್ಟು ಓಡಾಡುತ್ತೆ. ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಇವರು ಅಮ್ಮನನ್ನ ಮಂಚದಿಂದ ಎತ್ತಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸ್ತಿದ್ದರು, ಸಂಜೆ ಬಂದು ಮತ್ತೆ ಮಂಚಕ್ಕೆ. ನನ್ನ ಕೈಲಿ ಆಗಲ್ಲ. ಇಪ್ಪತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಬೆನ್ನಿನ ಡಿಸ್ಕ್ ಜಾರಿದೆ, ಐದು ಕಿಲೋ ಮೇಲೆ ಎತ್ತಬೇಡಿ ಅಂತ ಡಾಕ್ಟರ ಆಜ್ಞೆ. ಅತ್ತೆಗೆ ಆ ಕಿಟಕಿಯೇ ಲೋಕ. ಯಾರು ಹೊಸ ಚಪ್ಪಲಿ ಹಾಕಿದ್ರು, ಯಾರ ಮನೆ ನಾಯಿ ಯಾರ ಮನೆ ಮೆಟ್ಟಿಲ ಮೇಲೆ ಮಲಗಿತು, ಎಲ್ಲಾ ವರದಿ ಸಂಜೆ ನನಗೆ ಒಪ್ಪಿಸ್ತಿದ್ದರು.

ತಿಂಗಳ ಮೊದಲನೇ ತಾರೀಕು ಅತ್ತೆಯ ತೂಕ ಬರೆದಿಡಬೇಕು ಅಂತ ಡಾಕ್ಟರು ಹೇಳಿದ್ದರು. ನಿಲ್ಲಲಾರದವರನ್ನ ತೂಗೋದು ಹೇಗೆ? ಇವರಿಗೆ ಅದೊಂದು ಸಮಸ್ಯೆಯೇ ಅಲ್ಲ. ಅಮ್ಮನನ್ನ ಎತ್ತಿಕೊಂಡು ಹಜಾರದ ತೂಕದ ಯಂತ್ರದ ಮೇಲೆ ತಾವೇ ನಿಂತುಬಿಡೋರು. ‘ನೂರ ಹದಿಮೂರು. ನನ್ನದು ಎಪ್ಪತ್ತೆರಡು ಕಳಿ. ಅಮ್ಮ ನಲವತ್ತೊಂದು!’

‘ಅಂದ್ರೆ ನನ್ನ ಡಬ್ಬಿ ನೀನೇನೋ?’ ಅಂತ ಅತ್ತೆ ಮಗನ ಕುತ್ತಿಗೆ ಹಿಡ್ಕೊಂಡೇ ಕೇಳೋರು. ಪ್ರತಿ ತಿಂಗಳೂ ಅದೇ ಪ್ರಶ್ನೆ, ಪ್ರತಿ ತಿಂಗಳೂ ಮೂವರೂ ನಗೋದು.

ಒಂದು ದಿನ ಇವರು ಮಧ್ಯಾಹ್ನವೇ ಮನೆಗೆ ಬಂದರು. ಬೂಟು ಬಿಚ್ಚದೆ ಹಜಾರದಲ್ಲಿ ಕೂತರು. ಏನ್ರೀ ಅಂದೆ. ‘ಕೈ ಬಿಡ್ತು ಕಣೇ’ ಅಂದರು. ಡೈರಿಯಲ್ಲಿ ಇಪ್ಪತ್ತರ ಕಲ್ಲು ಎತ್ತುವಾಗ ಜಾರಿ ಸಿಮೆಂಟು ನೆಲಕ್ಕೆ ಬಿದ್ದಿತ್ತು. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಬಿದ್ದ ಕಲ್ಲು ಇವರ ಕಸುಬಿನಲ್ಲಿ ಕಲ್ಲೇ ಅಲ್ಲ. ಉಗುರಿನಷ್ಟು ಚೂರು ಎದ್ದರೂ ಅದು ಸುಳ್ಳು ಕಲ್ಲು, ಮತ್ತೆ ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಬೇಜಾರು ಅಂತ ನಾನು ಅಂದ್ಕೊಂಡೆ. ಸಂಜೆ ಅತ್ತೆ ‘ಮಂಚಕ್ಕೆ ಹಾಕೋ’ ಅಂತ ಕರೆದರೆ ಇವರು ಬಾಗಿಲಲ್ಲೇ ನಿಂತರು. ಒಳಗೆ ಹೋಗಲಿಲ್ಲ.

‘ಕಲ್ಲು ಬಿದ್ರೆ ಚೂರು ಏಳುತ್ತೆ. ಅಮ್ಮ ಬಿದ್ರೆ?’ ಅಂತ ನನ್ನ ಕಿವಿಯಲ್ಲಿ ಅಂದರು.

ಕೆಳಗಿನ ಮನೆಯ ಬಸ್ ಡ್ರೈವರನ್ನ ಕರೆದು, ಇಬ್ಬರೂ ಸೇರಿ ಬೆಡ್‌ಶೀಟಿನಲ್ಲಿ ಎತ್ತಿ ಮಲಗಿಸಿದರು. ‘ನಾನೇನು ಬೀರುವೇನ್ರೋ?’ ಅಂತ ಅತ್ತೆ ರೇಗಿದರು. ಅವತ್ತಿನಿಂದ ಡ್ರೈವರಿಗೆ ಬಿಡುವಿದ್ದ ದಿನ ಕಿಟಕಿ, ಬಿಡುವಿಲ್ಲದ ದಿನ ಗೋಡೆ. ತಿಂಗಳ ತೂಕವೂ ನಿಂತುಹೋಯಿತು.

ವಿಷಯ ಇವರ ಅಕ್ಕನ ಕಿವಿಗೆ ಬಿತ್ತು. ಅವರು ಶಾಲೆಯ ಹೆಡ್‌ಮಿಸ್ಸು, ಮನೆಗೆ ಬಂದರೂ ತರಗತಿಗೆ ಬಂದ ಹಾಗೇ ಬರ್ತಾರೆ. ‘ನೋಡೋ, ಹಿರಿಯರ ಆರೈಕೆ ಮನೆಯಲ್ಲಿ ಇನ್ನು ಮೂರು ತಿಂಗಳಿಗೆ ಒಂದು ಕೋಣೆ ಖಾಲಿ ಆಗುತ್ತೆ. ಅಷ್ಟರಲ್ಲಿ ನೀನೊಬ್ಬನೇ ಅಮ್ಮನ್ನ ಎತ್ತೋ ಹಾಗಾದ್ರೆ ಸರಿ. ಇಲ್ಲಾಂದ್ರೆ ನಾನು ಅರ್ಜಿ ಕೊಡ್ತೀನಿ. ಇನ್ನೊಂದು ಎಲುಬು ಮುರಿದ್ರೆ ಯಾರು ಗತಿ?’ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕೋಣೆಯ ಬಾಗಿಲು ತೆರೆದಿತ್ತು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದರು. ನಿದ್ದೆ ಬಂದಿದೆ ಅಂದ್ಕೊಂಡ್ವಿ.

ಮರುದಿನವೇ ಡಾಕ್ಟರ ಹತ್ತಿರ ಹೋದ್ವಿ. ಅವರು ತೋಳು ಹಿಚುಕಿ, ತಿರುಚಿ ನೋಡಿ, ‘ರೋಗ ಏನಿಲ್ಲ. ಐವತ್ನಾಲ್ಕಾಯ್ತು, ಮಾಂಸಖಂಡ ಸವೀತಾ ಇದೆ. ವಾರಕ್ಕೆ ಮೂರು ದಿನ ಭಾರ ಎತ್ತೋ ವ್ಯಾಯಾಮ ಮಾಡಿ, ಪ್ರೋಟೀನ್ ತಿನ್ನಿ’ ಅಂದರು.

‘ಎಷ್ಟು?’ ಅಂದರು ಇವರು, ಜೇಬಿನಿಂದ ಪೆನ್ನು ತೆಗೆದು.

‘ಸುಮ್ಮನೆ ಕೂತಿರೋರಿಗೆ ಮೈತೂಕದ ಕಿಲೋಗೆ ಪಾಯಿಂಟ್ ಎಂಟು ಗ್ರಾಂ. ವ್ಯಾಯಾಮ ಮಾಡೋರಿಗೆ ಇನ್ನೂ ಜಾಸ್ತಿ. ಹಾಗಂತ ಮಿತಿ ಮೀರಬೇಡಿ, ಕಿಡ್ನಿ ಪರೀಕ್ಷೆ ಒಂದು ಮಾಡಿಸಿಬಿಡೋಣ.’ ಕಿಡ್ನಿ ಚೆನ್ನಾಗೇ ಇತ್ತು. ಆದರೆ ‘ಮಿತಿ ಮೀರಬೇಡಿ’ ಅನ್ನೋದು ಇವರ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಟೈರ್ ಅಂಗಡಿಯ ಮೇಲೆ ಒಂದು ಜಿಮ್ಮು. ಅಲ್ಲಿ ಕಲಿಸೋರು ಒಬ್ಬ ಹೆಂಗಸು, ನಾವು ಮೇಡಂ ಅಂತೀವಿ. ಅವರು ‘ನಿಮ್ಮ ವಯಸ್ಸಿಗೆ, ಭಾರ ಎತ್ತೋರಿಗೆ, ಕಿಲೋಗೆ ಒಂದು ಪಾಯಿಂಟ್ ಆರು ಗ್ರಾಂ ತಿಂದ್ರೆ ಒಳ್ಳೇದು’ ಅಂದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ತೋಳುಬ್ಬಿಸಿದ ಒಬ್ಬನ ಚಿತ್ರ, ಅದರ ಕೆಳಗೆ ‘ಪೌಂಡಿಗೆ ಒಂದು ಗ್ರಾಂ’ ಅಂತ ಬರೆದಿತ್ತು.

ಅವತ್ತು ಮನೆಗೆ ಬಂದವರೇ ಮೂರು ಲೆಕ್ಕ ಬರೆದು ನನ್ನ ಮಿಷನ್ನಿನ ಮೇಲೆ ಇಟ್ಟರು. ಡಾಕ್ಟರದು ಐವತ್ತೇಳು ಪಾಯಿಂಟ್ ಆರು. ಮೇಡಂದು ನೂರ ಹದಿನೈದು ಪಾಯಿಂಟ್ ಎರಡು. ಮೈತೂಕವನ್ನ ಪೌಂಡಿಗೆ ತಿರುಗಿಸಿದರೆ ಗೋಡೆಯದು ನೂರ ಐವತ್ತೆಂಟು ಪಾಯಿಂಟ್ ಏಳು.

‘ಮೂರು ಜನ, ಮೂರು ತೂಕ! ಒಂದೇ ಮೈ ಕಣೇ ನಂದು! ನಮ್ಮ ಕಸುಬಿನಲ್ಲಿ ಒಂದೇ ಮೂಟೆಯನ್ನ ಮೂರು ತಕ್ಕಡಿ ಮೂರು ಥರ ತೂಗಿದ್ರೆ ಮೂರಕ್ಕೂ ಬೀಗ ಹಾಕಿಸ್ತೀವಿ. ಪೌಂಡಂತೆ, ಪೌಂಡು. ಇದು ಯಾವ ಕಾಲದ ಮನುಷ್ಯರು?’

‘ಎತ್ತು ಏರಿಗೆ, ಕೋಣ ನೀರಿಗೆ’ ಅಂದೆ ನಾನು. ಮತ್ತೇನು ಹೇಳಲಿ? ನನಗೂ ತಲೆ ಕೆಟ್ಟಿತ್ತು. ಡಾಕ್ಟರಿಗಿಂತ ಜಿಮ್ಮಿನವರು ದೊಡ್ಡವರಾ? ಜಿಮ್ಮಿನವರಿಗಿಂತ ಗೋಡೆ ದೊಡ್ಡದಾ? ಕೊನೆಗೆ ಇವರು ಮಧ್ಯದ್ದನ್ನ ಹಿಡಿದರು. ನೂರ ಹದಿನೈದು ಪಾಯಿಂಟ್ ಎರಡು. ಒಂದು ಕೂದಲಿನಷ್ಟು ಹೆಚ್ಚಿಲ್ಲ, ಒಂದು ಕೂದಲಿನಷ್ಟು ಕಡಿಮೆಯಿಲ್ಲ.

ಚಿನ್ನದಂಗಡಿಯಲ್ಲಿ ಇಡ್ತಾರಲ್ಲ, ಅಂಥ ಪುಟ್ಟ ತಕ್ಕಡಿ ಅಡುಗೆಮನೆಗೆ ಬಂತು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ. ಸಿಪ್ಪೆ ಸುಲಿದು, ತಟ್ಟೆಯ ತೂಕ ಕಳೆದು, ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು. ರಾತ್ರಿಯ ಊಟಕ್ಕೆ ಬೇಯಿಸಿದ ಕೋಳಿ, ಮೂಳೆ ತೆಗೆದು, ಹದಿನೈದು ಪಾಯಿಂಟ್ ಎಂಟು. ಹದಿನೈದು ಗ್ರಾಂ ಕೋಳಿ ಅಂದರೆ ಎಷ್ಟು ಗೊತ್ತಾ? ನನ್ನ ಹೆಬ್ಬೆರಳು. ತೂಕ ಮೀರಿದರೆ ಚಾಕುವಿನಿಂದ ಒಂದು ಎಳೆ ಕತ್ತರಿಸಿ ಪಕ್ಕಕ್ಕೆ ಇಡೋರು. ಹಾಲಿನಲ್ಲೂ ಪ್ರೋಟೀನ್ ಇದೆ ಅಂತ ಹಾಲು ಬಿಟ್ಟರು, ಕಪ್ಪು ಚಹಾ ಕುಡಿದರು. ಬೇಳೆ ಮಾಡಿದ ದಿನ ಒಂದೂವರೆ ಮೊಟ್ಟೆ ರದ್ದು. ಅದರ ಮೇಲೆ ಜಿಮ್ಮಿನಲ್ಲಿ ಒಂದೊಂದು ಗಂಟೆ ಬೆವರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

‘ರೀ, ಇಷ್ಟರಲ್ಲಿ ಮೈ ಹೇಗ್ರೀ ಬೆಳೆಯುತ್ತೆ?’ ಅಂತ ಒಂದು ಸಲ ಕೇಳಿದೆ.

‘ತೂಕದ ವಿಷಯ ನನಗೆ ಹೇಳ್ಕೊಡ್ತೀಯಾ?’ ಅಂದರು.

ಮೂವತ್ತೊಂದು ವರ್ಷ ಊರಿಗೆಲ್ಲ ತೂಕ ಹೇಳಿದವರಿಗೆ ನಾನೇನು ಹೇಳಲಿ? ಡಾಕ್ಟರು ಹೇಳಿದ್ದಾರೆ, ಮೇಡಂ ಹೇಳಿದ್ದಾರೆ, ತಕ್ಕಡಿ ಹೇಳ್ತಿದೆ. ತಪ್ಪು ನನ್ನ ತಲೆಯದೇ ಇರಬೇಕು ಅಂದ್ಕೊಂಡೆ.

ಈ ಮಧ್ಯೆ ಅತ್ತೆಯೂ ಸರಿಯಾಗಿ ತಿನ್ನೋದು ಬಿಟ್ಟಿದ್ದರು. ಒಂದು ಬೆಳಿಗ್ಗೆ ದಿಂಬಿನ ಕವರು ಬದಲಾಯಿಸೋಕೆ ಹೋದರೆ ಕರವಸ್ತ್ರದಲ್ಲಿ ಸುತ್ತಿದ ಅರ್ಧ ಮೊಟ್ಟೆ ಸಿಕ್ಕಿತು. ‘ಇದೇನತ್ತೆ?’ ಅಂದರೆ, ‘ನನಗೆ ಹಸಿವಿಲ್ಲ ಕಣೇ. ಅವನಿಗೆ ಕೊಡು, ಜಿಮ್ಮಿಗೆ ಹೋಗ್ತಾನೆ’ ಅಂದರು. ಹೆತ್ತ ಕರುಳು, ಅಂತ ನನ್ನ ಕಣ್ಣಲ್ಲೂ ನೀರು ಬಂತು. ಅವರು ಮೈತುಂಬ ಶಾಲು ಹೊದ್ದು ಮಲಗೋರು. ಆ ಶಾಲಿನ ಒಳಗೆ ಏನಿದೆ ಅಂತ ನೋಡೋ ಬುದ್ಧಿ ನನಗೆ ಬರಲಿಲ್ಲ. ಇದನ್ನ ಈಗ ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರ್ತಿದೆ.

ಆರು ವಾರ ಕಳೆಯಿತು. ಮೇಡಂ ಇವರಿಗೆಂದೇ ಒಂದು ಮರಳಿನ ಚೀಲ ಮಾಡಿಸಿದ್ದರು, ಬೆಂಚಿನ ಮೇಲಿಂದ ತೋಳಲ್ಲಿ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯೋಕೆ. ನಲವತ್ತೊಂದು ಕಿಲೋ. ಮರಳು ಹಾಕಿ ತೆಗೆದು ಇವರೇ ತೂಗಿದ್ದು. ಮೊದಲ ವಾರ ಅದು ಬೆಂಚಿನಿಂದ ಒಂದು ಗೇಣು ಎದ್ದಿತ್ತಂತೆ. ಆರನೇ ವಾರ ಅಲ್ಲಾಡಲೂ ಇಲ್ಲ.

‘ಯಾಕೆ ಹೀಗೆ? ವ್ಯಾಯಾಮ ಸರಿ, ತೂಕ ಸರಿ, ಲೆಕ್ಕ ಸರಿ’ ಅಂತ ಮನೆಯಲ್ಲಿ ತಲೆ ಹಿಡ್ಕೊಂಡು ಕೂತರು. ಆ ವಾರ ಇವರಿಗೊಂದು ಹೊಸ ಷರ್ಟು ಹೊಲಿಯೋಣ ಅಂತ ತೋಳಿಗೆ ಟೇಪು ಸುತ್ತಿದೆ. ಹಳೆಯ ಅಳತೆ ಹನ್ನೆರಡು ಇಂಚು. ಈಗ ಹನ್ನೊಂದೂವರೆ! ಇನ್ನೊಂದು ಸಲ ಸುತ್ತಿದೆ. ಅಷ್ಟೇ. ತಕ್ಕಡಿಗೆ ಇವರು ಹೆದರಬಹುದು, ನನ್ನ ಟೇಪಿನ ವಿಷಯದಲ್ಲಿ ನಾನು ಯಾರಪ್ಪನ ಮಾತೂ ಕೇಳಲ್ಲ. ಕೊರಳಲ್ಲಿ ಟೇಪು ಹಾಕ್ಕೊಂಡೇ ಜಿಮ್ಮಿನ ಮೆಟ್ಟಿಲು ಹತ್ತಿದೆ.

‘ಏನ್ರೀ ಮೇಡಂ, ನನ್ನ ಗಂಡ ನಿಮ್ಮ ಹತ್ತಿರ ಬರೋದು ಬೆಳೆಯೋಕೋ ಸವೆಯೋಕೋ?’

ಅವರು ಪಾಪ ಗಾಬರಿಯಾದರು. ‘ಊಟ ಸರಿಯಾಗಿ ಮಾಡ್ತಿದಾರಾ?’

‘ನೀವು ಹೇಳಿದ್ದನ್ನೇ. ನೂರ ಹದಿನೈದು ಪಾಯಿಂಟ್ ಎರಡು. ಒಂದು ದಿನ ತಪ್ಪಿಸಿಲ್ಲ.’

‘ಹಂಗಾದ್ರೆ ದಿನಕ್ಕೆ ಏನೇನು ತಿಂತಾರೆ ಹೇಳಿ ನೋಡೋಣ.’

ಹೇಳಿದೆ. ಎರಡು ಮೊಟ್ಟೆ, ಹೆಬ್ಬೆರಳಿನಷ್ಟು ಕೋಳಿ. ಅವರು ನನ್ನನ್ನ ನೋಡಿದರು, ನಾನು ಅವರನ್ನ ನೋಡಿದೆ. ‘ಅಷ್ಟೇನಾ?’ ಅಂದರು. ‘ಅಷ್ಟೇ. ತೂಗಿದ್ದು’ ಅಂದೆ. ಆಮೇಲೆ ಅವರು ಕುರ್ಚಿಯಲ್ಲಿ ಕೂತುಬಿಟ್ಟರು.

‘ಅಕ್ಕಾ, ನಾನು ಹೇಳಿದ್ದು ಪ್ರೋಟೀನಿನ ತೂಕ. ಮೊಟ್ಟೆಯ ತೂಕ ಅಲ್ಲ. ಒಂದು ಮೊಟ್ಟೆಯಲ್ಲಿ ಪ್ರೋಟೀನ್ ಇರೋದು ಆರೇ ಗ್ರಾಂ. ಮಿಕ್ಕಿದ್ದು ನೀರು, ಕೊಬ್ಬು, ಅದು ಇದು. ಕೋಳಿಯಲ್ಲಿ ನೂರು ಗ್ರಾಮಿಗೆ ಇಪ್ಪತ್ತೈದು ಮೂವತ್ತು. ನಿಮ್ಮವರು ಮೊಟ್ಟೆ, ಕೋಳಿಯಿಂದ ತಿಂತಿರೋದು ಹದಿನೇಳು ಗ್ರಾಂ ಆದ್ರೆ ಹೆಚ್ಚು!’

ನನಗೆ ಮೊದಲು ತಿಳಿಯಲೇ ಇಲ್ಲ. ಮೊಟ್ಟೆ ಅಂದರೆ ಪ್ರೋಟೀನು ಅಂತ ಎಲ್ಲರೂ ಹೇಳ್ತಾರೆ, ಈಗ ಮೊಟ್ಟೆಯೊಳಗೆ ಪ್ರೋಟೀನು ಅಂತಿದಾರೆ. ಮೆಟ್ಟಿಲಿಳಿದು, ಟೈರುಗಳ ಮಧ್ಯೆ ನಿಂತು ಯೋಚನೆ ಮಾಡಿದೆ. ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಮನೆಯ ಬಾಗಿಲು ತೆಗೆಯುವಾಗ ಥಟ್ಟನೆ ಹೊಳೆಯಿತು. ಒಳಗೆ ಹೋದವಳೇ ಒಂದು ಮೊಟ್ಟೆ ತಂದು ಇವರ ಮುಂದೆ ಇಟ್ಟೆ.

‘ರೀ, ಡಬ್ಬಿ ತೂಕ ಕಳೆದ್ರಾ?’

‘ಸಿಪ್ಪೆ ಕಳೆದಿದೀನಿ, ತಟ್ಟೆ ಕಳೆದಿದೀನಿ. ಇನ್ನೇನು?’

‘ಸಿಪ್ಪೆ ಅಲ್ಲ, ತಟ್ಟೆ ಅಲ್ಲ. ಈ ಮೊಟ್ಟೆಯೇ ಡಬ್ಬಿ. ಒಳಗಿರೋ ಮಾಲು ಆರು ಗ್ರಾಂ. ನೀವು ಆರು ವಾರದಿಂದ ಡಬ್ಬಿ ತೂಗಿ ತೂಗಿ ತಿಂತಿದೀರಿ!’

ಇವರು ವಾದ ಮಾಡೋಕೆ ಬಾಯಿ ತೆರೆದರು. ಬೇಳೆಯ ಪ್ಯಾಕೆಟ್ಟು ತರಿಸಿಕೊಂಡು ಹಿಂಭಾಗ ತಿರುಗಿಸಿ ಓದಿದರು. ನೂರು ಗ್ರಾಮಿನಲ್ಲಿ ಪ್ರೋಟೀನ್ ಇಪ್ಪತ್ನಾಲ್ಕು. ಕಿವಿ ಕೆಂಪಾಯಿತು. ‘ಮೂವತ್ತೊಂದು ವರ್ಷ...’ ಅಂದರು. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಅದು. ನಗು ಬರ್ತಿತ್ತು, ಅಳುವೂ ಬರ್ತಿತ್ತು. ಅತ್ತೆ ಒಳಗಿನಿಂದ ‘ಏನ್ರೇ ಅದು ಗಲಾಟೆ?’ ಅಂತ ಕೂಗಿದರು.

ಇಲ್ಲಿಗೆ ಗೊಂದಲ ಮುಗೀತು ಅಂದ್ಕೊಂಡರೆ ನೀವು ನಮ್ಮ ಮನೆಯವರನ್ನ ಅರ್ಥ ಮಾಡ್ಕೊಂಡಿಲ್ಲ. ಅರ್ಧ ಗಂಟೆಯಲ್ಲಿ ಮತ್ತೊಂದು ಚೀಟಿ ಬಂತು. ‘ನೂರ ಹದಿನೈದನ್ನ ಆರರಿಂದ ಭಾಗಿಸಿದ್ರೆ ಹತ್ತೊಂಬತ್ತು. ದಿನಕ್ಕೆ ಹತ್ತೊಂಬತ್ತು ಮೊಟ್ಟೆ ಬೇಯಿಸ್ತೀಯಾ?’ ಬೇಳೆ ನೋಡೋಣ ಅಂದರೆ ಅದು ಇನ್ನೂ ತಲೆನೋವು. ನೂರು ಗ್ರಾಂ ಒಣ ಬೇಳೆಯಲ್ಲಿ ಇಪ್ಪತ್ನಾಲ್ಕು ಸರಿ, ಬೆಂದಮೇಲೆ ನೂರು ಗ್ರಾಂ ತೂಗಿದರೆ ಎಂಟೊಂಬತ್ತೇ. ‘ಅದೇ ಬೇಳೆ ಕಣೇ! ಒಲೆ ಮೇಲೆ ಇಟ್ಟರೆ ಪ್ರೋಟೀನ್ ಎಲ್ಲಿಗೆ ಓಡಿಹೋಗುತ್ತೆ?’

‘ಎಲ್ಲೂ ಓಡಲ್ಲ. ನೀರು ಕುಡಿದು ಉಬ್ಬುತ್ತೆ. ಇಪ್ಪತ್ತಾರು ವರ್ಷದಿಂದ ಬೇಯಿಸ್ತಿದೀನಿ, ನನ್ನ ಕೇಳಿ’ ಅಂದೆ. ನನಗೆ ಗೊತ್ತಿದ್ದದ್ದು ಅದೊಂದೇ, ಅದನ್ನಾದರೂ ಜೋರಾಗಿ ಹೇಳಿದೆ.

ಮತ್ತೆ ಡಾಕ್ಟರ ಹತ್ತಿರ ಓಡಿದ್ವಿ. ಅವರು ನಗದೆ ಕೇಳಿಸಿಕೊಂಡರು, ಅದೇ ದೊಡ್ಡದು. ‘ನಾನು ಹೇಳಿದ್ದು ಸುಮ್ಮನೆ ಕೂತೋರ ಕನಿಷ್ಠ. ಜಿಮ್ಮಿನವರು ಹೇಳಿದ್ದು ಭಾರ ಎತ್ತೋರಿಗೆ. ಎರಡೂ ಸರಿ. ನಿಮಗೆ ಕಿಲೋಗೆ ಒಂದೂಕಾಲರಿಂದ ಒಂದೂವರೆ, ಅಂದ್ರೆ ತೊಂಬತ್ತರಿಂದ ನೂರ ಹತ್ತರೊಳಗೆ ಎಲ್ಲಿದ್ರೂ ನಡೆಯುತ್ತೆ. ಮೊಟ್ಟೆ ಒಂದರಿಂದಲೇ ಬೇಡ. ಹಾಲು, ಮೊಸರು, ಬೇಳೆ, ಮೀನು, ಕೋಳಿ, ಕಡಲೆಕಾಯಿ, ಬ್ರೆಡ್ಡಿನಲ್ಲೂ ಸ್ವಲ್ಪ ಇರುತ್ತೆ. ಮೂರು ಹೊತ್ತಿಗೂ ಹಂಚಿ ತಿನ್ನಿ. ಹೊಟ್ಟೆ ತುಂಬಾ ಊಟ ಮಾಡಿ, ಇಲ್ಲಾಂದ್ರೆ ತಿಂದ ಪ್ರೋಟೀನೂ ಉರಿದುಹೋಗುತ್ತೆ.’

‘ಎಲ್ಲಿದ್ರೂ ನಡೆಯುತ್ತೆ ಅಂದ್ರೆ? ಸರಿಯಾದ ಸಂಖ್ಯೆ ಯಾವುದು?’

‘ನಿಮ್ಮ ತಕ್ಕಡಿಗೆ ಇಷ್ಟು ಹೆಚ್ಚುಕಮ್ಮಿ ಆದ್ರೆ ಪರವಾಗಿಲ್ಲ ಅಂತ ಇರುತ್ತಲ್ವಾ?’

‘ಇರುತ್ತೆ.’

‘ಮೈಗೂ ಇರುತ್ತೆ. ಸ್ವಲ್ಪ ಜಾಸ್ತಿನೇ ಇರುತ್ತೆ.’

ಇವರಿಗೆ ಪೂರ್ತಿ ಸಮಾಧಾನವಾಗಲಿಲ್ಲ, ದಾರಿಯುದ್ದಕ್ಕೂ ಗೊಣಗಿದರು. ಆದರೆ ಪುಟ್ಟ ತಕ್ಕಡಿ ಅಡುಗೆಮನೆಯಿಂದ ಹೊರಗೆ ಹೋಯಿತು. ಬೆಳಿಗ್ಗೆ ಮೂರು ಮೊಟ್ಟೆ, ಬ್ರೆಡ್ಡು, ಒಂದು ಲೋಟ ಹಾಲು. ಮಧ್ಯಾಹ್ನ ಡಬ್ಬಿ ತುಂಬ ಅನ್ನ, ಗಟ್ಟಿ ಬೇಳೆ, ಮೊಸರು. ಜಿಮ್ಮಿನಿಂದ ಬಂದಮೇಲೆ ಒಂದು ಹಿಡಿ ಕಡಲೆಕಾಯಿ. ರಾತ್ರಿ ಅಂಗೈಯಗಲದ ಕೋಳಿಯೋ ಮೀನೋ. ಎಲ್ಲಾ ನನ್ನ ಕೈ ಅಂದಾಜು. ಎಂಟನೇ ವಾರ ಮರಳಿನ ಚೀಲ ಎದ್ದಿತು. ಹತ್ತನೇ ವಾರ ನಾಲ್ಕು ಹೆಜ್ಜೆ. ಹನ್ನೆರಡನೇ ವಾರ ಜಿಮ್ಮಿನ ಉದ್ದಕ್ಕೂ ನಡೆದು ಚೀಲವನ್ನ ಸದ್ದಾಗದ ಹಾಗೆ ಇಳಿಸಿದರಂತೆ. ಇಳಿಸೋದೇ ಕಷ್ಟ ಅಂತಾರೆ ಇವರು, ಎತ್ತೋದಕ್ಕಿಂತ. ತೋಳು ಹನ್ನೆರಡೂಕಾಲು ಇಂಚಿಗೆ ಬಂತು. ನಾನು ಎರಡೆರಡು ಸಲ ಅಳೆದೆ, ಖುಷಿಗೆ.

‘ಹಾಗಾದ್ರೆ ಅತ್ತೆಯನ್ನ ಎತ್ತಿ ನೋಡ್ರೀ’ ಅಂದರೆ ಮಾತ್ರ ಬೇಡ ಅಂತಿದ್ದರು. ‘ಮರಳಿಗೆ ನೋವಾಗಲ್ಲ ಕಣೇ. ಅಕ್ಕ ಬರೋ ದಿನ ಎತ್ತೀನಿ. ಅಲ್ಲಿವರೆಗೂ ಇನ್ನಷ್ಟು ಗಟ್ಟಿ ಆಗ್ತೀನಿ.’

ಆ ದಿನವೂ ಬಂತು. ಬೆಳಿಗ್ಗೆ ಹತ್ತಕ್ಕೆ ಅಕ್ಕ ಬಂದರು, ಕೈಚೀಲದಲ್ಲಿ ಆರೈಕೆ ಮನೆಯ ಅರ್ಜಿ. ಇವರು ಎದ್ದವರೇ ತೂಗಿಕೊಂಡಿದ್ದರು, ಎಪ್ಪತ್ತಮೂರು ಪಾಯಿಂಟ್ ಎರಡು. ಕೈ ತೊಳೆದು, ಒರೆಸಿ, ಮಂಚದ ಹತ್ತಿರ ಹೋದರು. ಡ್ರೈವರ್ ಬಾಗಿಲಲ್ಲಿ ನಿಂತಿದ್ದ, ಏನಾದರೂ ಆದರೆ ಅಂತ.

ಒಂದು ಕೈ ಬೆನ್ನ ಕೆಳಗೆ, ಒಂದು ಕೈ ಮೊಣಕಾಲ ಕೆಳಗೆ. ‘ಅಮ್ಮಾ, ಹಿಡ್ಕೋ’ ಅಂದರು. ಎತ್ತಿದರು.

ಎದ್ದುಬಿಟ್ಟರು! ಹೂವು ಎತ್ತಿದ ಹಾಗೆ. ‘ಅಬ್ಬಾ’ ಅಂತ ಡ್ರೈವರು ಚಪ್ಪಾಳೆ ಹೊಡೆದ. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾನು ನಗೋಕೆ ಶುರು ಮಾಡಿದೆ, ಆಮೇಲೆ ಇವರ ಮುಖ ನೋಡಿದೆ. ಅಲ್ಲಿ ನಗು ಇರಲಿಲ್ಲ. ಮೂವತ್ತೊಂದು ವರ್ಷ ತೂಕ ಹೊತ್ತ ಕೈ ಅದು, ಅದಕ್ಕೆ ಏನೋ ಗೊತ್ತಾಗಿತ್ತು. ಕಿಟಕಿಯ ಕಡೆ ಹೋಗಬೇಕಾದವರು ಹಜಾರಕ್ಕೆ ತಿರುಗಿದರು, ಅಮ್ಮನನ್ನ ಎತ್ತಿಕೊಂಡೇ ತೂಕದ ಯಂತ್ರದ ಮೇಲೆ ನಿಂತರು.

‘ಎಷ್ಟು ತೋರಿಸ್ತಿದೆ ನೋಡೇ.’

‘ನೂರ ಒಂಬತ್ತು ಪಾಯಿಂಟ್ ಆರು’ ಅಂದೆ.

ಇವರು ಕಳೆಯೋಕೆ ಒಂದು ಕ್ಷಣವೂ ಬೇಕಾಗಲಿಲ್ಲ. ‘ಮೂವತ್ತಾರು ಪಾಯಿಂಟ್ ನಾಲ್ಕು. ಅಮ್ಮ, ನಲವತ್ತೊಂದಿದ್ದೆಯಲ್ಲ ನೀನು. ಉಳಿದ ನಾಲ್ಕು ಪಾಯಿಂಟ್ ಆರು ಕಿಲೋ ಎಲ್ಲಿ ಹೋಯ್ತು?’

ಅತ್ತೆ ಜಾರಿದ ಶಾಲು ಎಳೆದುಕೊಳ್ಳೋಕೆ ನೋಡಿದರು. ಕಡ್ಡಿಯಾಗಿದ್ದ ಆ ತೋಳನ್ನ ನಾನು ನೋಡಿದೆ. ಕರವಸ್ತ್ರದ ಮೊಟ್ಟೆ, ‘ಸಾಕು ಸಾಕು’ ಅಂತ ಪಕ್ಕಕ್ಕೆ ತಳ್ಳಿದ ತಟ್ಟೆ, ಎಲ್ಲಾ ಒಂದೇ ಸಲ ನೆನಪಾಯಿತು. ಇವರ ತೋಳಿಗೆ ಹತ್ತು ಸಲ ಸುತ್ತಿದ ಟೇಪನ್ನ ಅವರ ಕೈಗೆ ಒಂದು ಸಲ ಸುತ್ತಿದ್ದಿದ್ದರೆ! ಮನೆಯಲ್ಲಿ ಮೂರು ತಿಂಗಳು ಒಬ್ಬರ ಊಟ ಅಳೆದೂ ಸುರಿದೂ ಮಾಡಿದ್ವಿ, ಇನ್ನೊಬ್ಬರ ತಟ್ಟೆ ನೋಡಲಿಲ್ಲ.

‘ಮಗನಿಗೆ ಅಂತ ಉಳಿಸ್ತಿದ್ರಾ ಅತ್ತೆ?’ ಅಂತ ಕೇಳಿದೆ.

‘ಹಾಗಂತ ನಿನಗೆ ಹೇಳಿದ್ದು’ ಅಂದರು ಅತ್ತೆ. ‘ಬಿದ್ದ ಕಲ್ಲು ಇಪ್ಪತ್ತು ಕಿಲೋ. ನಾನು ಅಂಥ ಎರಡು ಕಲ್ಲು. ಅವತ್ತು ನನ್ನ ಮಗಳು ಆರೈಕೆ ಮನೆ ಅಂದದ್ದು ನನಗೆ ಕೇಳಿಸ್ತು, ನಿದ್ದೆ ಬಂದಿರಲಿಲ್ಲ. ಇವನು ಆ ಕಡೆಯಿಂದ ಗಟ್ಟಿಯಾಗ್ತಾ ಬರಲಿ, ನಾನು ಈ ಕಡೆಯಿಂದ ಹಗುರಾಗ್ತಾ ಬರ್ತೀನಿ, ನಡುವೆ ಎಲ್ಲಾದ್ರೂ ಸಿಕ್ಕೇವು ಅಂದ್ಕೊಂಡೆ. ನನ್ನ ಅಲ್ಲಿಗೆ ಕಳಿಸಬೇಡ್ರೋ.’

ಅಕ್ಕ ಕೈಚೀಲ ನೆಲದ ಮೇಲಿಟ್ಟು ಅಮ್ಮನ ಪಾದ ಹಿಡ್ಕೊಂಡು ನಿಂತರು. ಅರ್ಜಿ ಹೊರಗೆ ಬರಲೇ ಇಲ್ಲ.

ಇವರು ಇನ್ನೂ ಯಂತ್ರದ ಮೇಲೇ ನಿಂತಿದ್ದರು. ‘ಅಮ್ಮಾ, ಇನ್ನು ನೀನು ದಪ್ಪ ಆಗಬೇಕು’ ಅಂದರು.

‘ಭಾರ ಆದ್ರೆ ಎತ್ತೋರು ಯಾರೋ?’

‘ನಾನಿದೀನಲ್ಲ, ನಿನ್ನ ಡಬ್ಬಿ.’

ಅತ್ತೆ ಮಗನ ಕುತ್ತಿಗೆಗೆ ಮುಖ ಒತ್ತಿಕೊಂಡರು. ನಾನು ಅಡುಗೆಮನೆಗೆ ಓಡಿದೆ. ಒಂದು ಮೊಟ್ಟೆಯೋ ಎರಡೋ, ಡಾಕ್ಟರನ್ನ ಕೇಳಬೇಕೋ ಬೇಡವೋ, ವಯಸ್ಸಾದವರಿಗೆ ಕಿಲೋಗೆ ಎಷ್ಟೋ, ಒಂದೂ ತಿಳಿಯದೆ ನಾಲ್ಕು ಮೊಟ್ಟೆ ನೀರಿಗೆ ಹಾಕಿದೆ. ಹಿಂತಿರುಗಿ ಬರುವಾಗ ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು. ‘ನೋಡೇ, ಎದುರು ಮನೆಯವರು ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದಾರೆ, ನನಗೆ ಯಾರೂ ಹೇಳಲೇ ಇಲ್ಲ’ ಅಂತ ಬೈದರು, ಬೈಯುತ್ತಲೇ ಒಂದು ಇಡೀ ಮೊಟ್ಟೆ ತಿಂದರು. ಇನ್ನೊಂದಕ್ಕೆ ಕೈ ಚಾಚಿದರು.